ನರ್ಸಬಾಯಿಯ ಗುಳಿಗೆ

ಹುಕ್ಕೇರಿಯ ನಮ್ಮ ಚಿಕ್ಕವ್ವನ ಮಗಳು ಎಂಪಿಎಚ್ ಓದ್ತಾಳೆ. "ಆರೋಗ್ಯ ಸಮಾನತೆ ಅಂದ್ರೇನವಾ?" ಅಂದೆ. ನಮ್ಮ ಜಿಲ್ಲೆಯದೇ ಕಥೆ ಹೇಳಿದಳು.

ಹೆರಿಗೆಯಾದ ಮೇಲಿನ ರಕ್ತಸ್ರಾವ ತಡೆಯೋಕೆ ಆಕ್ಸಿಟೋಸಿನ್ ಇಂಜೆಕ್ಷನ್ ಇತ್ತು. ಆದರೆ ಅದನ್ನು ತಂಪಲ್ಲಿಡಬೇಕು. ಮೂಡಲಗಿ ಇನ್ನೂ ಗೋಕಾಕ ತಾಲೂಕಿನಲ್ಲಿದ್ದ ಆ ದಿನಗಳಲ್ಲಿ ನಮ್ಮೂರಿನ ಕರೆಂಟಿಗೇ ಗ್ಯಾರಂಟಿ ಇರಲಿಲ್ಲ.

2002ರಿಂದ 2005ರವರೆಗೆ ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು, ಅಮೆರಿಕದ ಸಂಶೋಧಕರ ಜೊತೆ ಸೇರಿ, ಜಿಲ್ಲೆಯ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಹಳ್ಳಿಗಳಲ್ಲಿ 1,620 ತಾಯಂದಿರ ಮೇಲೆ ಪ್ರಯೋಗ ಮಾಡಿದರು. 812 ಮಂದಿಗೆ ಮಿಸೊಪ್ರೊಸ್ಟಾಲ್ ಗುಳಿಗೆ, 808 ಮಂದಿಗೆ ಔಷಧವಿಲ್ಲದ ಅಂಥದೇ ಗುಳಿಗೆ. ಕೊಟ್ಟವರು ಡಾಕ್ಟರಲ್ಲ, ನರ್ಸಬಾಯಿಯರು. ರಕ್ತವನ್ನು ಕಣ್ಣಂದಾಜಲ್ಲಿ ಅಳೆಯದೆ, ತಾಯಿಯ ಕೆಳಗೆ ಹಾಸಿದ ಅಳತೆ ಗೆರೆಯ ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದರು. ಅರ್ಧ ಲೀಟರ್ ಮುಟ್ಟಿದ ರಕ್ತಸ್ರಾವ ಶೇ. 12ರಿಂದ 6.4ಕ್ಕೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್ ಇದನ್ನು ಪ್ರಕಟಿಸಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಗೆ ಈ ಬಳಕೆಯೂ ಸೇರಿತು.

ಆಫೀಸಲ್ಲಿ ನಾವು ಬಟನ್ ಬಣ್ಣಕ್ಕೆ ಎ/ಬಿ ಟೆಸ್ಟ್ ಮಾಡ್ತೀವಿ. ಇಲ್ಲಿ 'ಬಿ' ಅಂದ್ರೆ ಯಾರದೋ ಅವ್ವ. "ಆ 808 ಮಂದಿಗೆ ಸಮಾನತೆ ಎಲ್ಲಿತ್ತು?" ಅಂದೆ.

"ನಮ್ಮ ಕ್ಲಾಸಿನ್ಯಾಗೂ ಅದಕ್ಕ ಜಗಳಾ ಆತು ಅಣ್ಣಾ. ಅದಕ್ಕೂ ಮೊದಲ ಯಾರಿಗೂ ಗುಳಿಗಿ ಇರಲಿಲ್ಲ, ಅದನ್ನೂ ಲೆಕ್ಕಾ ಹಿಡಿ" ಅಂದಳು.