ಸಂಶಯದ ಭಾರ ಯಾರ ಮೇಲೆ? ಹಿಂಸಾತ್ಮಕ ವಿಡಿಯೊ ಗೇಮ್, ಎಳೆಯರು ಮತ್ತು ಬ್ರೌನ್ ಮೊಕದ್ದಮೆ

ಕ್ಯಾಲಿಫೋರ್ನಿಯಾದ ಗವರ್ನರ್ ಆಗಿದ್ದ ಆರ್ನಾಲ್ಡ್ ಶ್ವಾರ್ಜ್‌ನೆಗರ್ 2005ರ ಅಕ್ಟೋಬರ್ 7ರಂದು ಸಹಿ ಹಾಕಿದ ಕಾನೂನೊಂದು ಒಂದು ದಿನವೂ ಜಾರಿಯಲ್ಲಿರಲಿಲ್ಲ. 18 ತುಂಬದವರಿಗೆ ‘ಹಿಂಸಾತ್ಮಕ ವಿಡಿಯೊ ಗೇಮ್’ ಮಾರಬಾರದು, ಬಾಡಿಗೆಗೂ ಕೊಡಬಾರದು. ಕೊಟ್ಟರೆ 1,000 ಡಾಲರ್‌ವರೆಗೆ ದಂಡ. ಪೆಟ್ಟಿಗೆಯ ಮುಖದ ಮೇಲೆ ಎರಡು ಇಂಚು ಉದ್ದಗಲದಲ್ಲಿ ‘18’ ಎಂಬ ಅಂಕಿ ಕಾಣುವಂತಿರಬೇಕು. ಅದರ ವಿಧಿಗಳು ಇಷ್ಟೇ. ತೆರೆಯ ಮೇಲೆ ಬಂದೂಕು ಹಿಡಿದೇ ಹೆಸರಾದ ನಟನ ಸಹಿ ಇಂಥ ಕಾನೂನಿಗೆ ಬಿತ್ತೆಂದು ಆಗ ನಕ್ಕವರೂ ಉಂಟು. ಹೊಸ ವರ್ಷದಿಂದ ಜಾರಿಯಾಗಬೇಕಿದ್ದ ಅದಕ್ಕೆ ಡಿಸೆಂಬರ್‌ನಲ್ಲೇ ಸ್ಯಾನ್ ಹೋಸೆಯ ಫೆಡರಲ್ ನ್ಯಾಯಾಧೀಶ ರೊನಾಲ್ಡ್ ವೈಟ್ ತಡೆಯಾಜ್ಞೆ ಕೊಟ್ಟರು. 2009ರಲ್ಲಿ ಒಂಬತ್ತನೆಯ ವಲಯದ ಮೇಲ್ಮನವಿ ನ್ಯಾಯಾಲಯ ಆ ತೀರ್ಮಾನವನ್ನು ಎತ್ತಿಹಿಡಿಯಿತು. ಕೊನೆಗೆ 2011ರ ಜೂನ್ 27ರಂದು ಅಮೆರಿಕದ ಸುಪ್ರೀಂ ಕೋರ್ಟ್ 7–2ರ ಬಹುಮತದಿಂದ ಕಾನೂನನ್ನು ಅಸಾಂವಿಧಾನಿಕವೆಂದು ಘೋಷಿಸಿತು. ಅಷ್ಟರಲ್ಲಿ ಗವರ್ನರ್ ಬದಲಾಗಿದ್ದರಿಂದ ಮೊಕದ್ದಮೆಗೆ ‘ಬ್ರೌನ್ ವಿರುದ್ಧ ಎಂಟರ್‌ಟೇನ್‌ಮೆಂಟ್ ಮರ್ಚೆಂಟ್ಸ್ ಅಸೋಸಿಯೇಷನ್’ ಎಂಬ ಹೆಸರು ನಿಂತಿತು.

ಈ ತೀರ್ಪನ್ನು ‘ಗೇಮ್‌ಗಳಿಂದ ಮಕ್ಕಳು ಕೆಡುತ್ತಾರೆಯೇ’ ಎಂಬ ಪ್ರಶ್ನೆಗೆ ಸಿಕ್ಕ ಉತ್ತರವೆಂದು ಓದುವುದು ವಾಡಿಕೆ. ಆ ಓದು ಸರಿಯಲ್ಲ ಎಂಬುದು ಈ ಲೇಖನದ ವಾದ. ಕೆಡುತ್ತಾರೋ ಇಲ್ಲವೋ ಎಂಬುದು ಖಚಿತವಾಗಿ ತಿಳಿಯದಿರುವಾಗ ಆ ತಿಳಿಯದಿರುವಿಕೆಯ ನಷ್ಟವನ್ನು ಯಾರು ಹೊರಬೇಕು, ಮಾತಾಡುವವರೋ ಅಥವಾ ಮಗುವಿನ ಪರವಾಗಿ ನಿಂತ ಸರ್ಕಾರವೋ ಎಂಬುದಷ್ಟೇ ನ್ಯಾಯಾಲಯ ತೀರ್ಮಾನಿಸಿದ ಸಂಗತಿ. ಇದೇ ಪ್ರಶ್ನೆಗೆ ಜರ್ಮನಿ ಬೇರೆ ಉತ್ತರ ಕೊಟ್ಟಿದೆ. ಭಾರತವೂ ಬೇರೊಂದು ಮಾಧ್ಯಮದ ವಿಷಯದಲ್ಲಿ ಬಹಳ ಹಿಂದೆಯೇ ಬೇರೆ ಉತ್ತರ ಕೊಟ್ಟಿತ್ತು.

ಮೊದಲು ಕ್ಯಾಲಿಫೋರ್ನಿಯಾ ಕಾನೂನಿನ ನೇಯ್ಗೆಯನ್ನು ನೋಡಬೇಕು. ಮಸೂದೆಯ ಕರ್ತೃ ಲೀಲಂಡ್ ಯೀ ವೃತ್ತಿಯಿಂದ ಮಕ್ಕಳ ಮನೋವಿಜ್ಞಾನಿ, ಆಗ ರಾಜ್ಯ ವಿಧಾನಸಭೆಯ ಸದಸ್ಯ. ಮನುಷ್ಯನ ಬಿಂಬವೊಂದನ್ನು ಕೊಲ್ಲುವ, ಊನಗೊಳಿಸುವ, ಅಂಗ ಕತ್ತರಿಸುವ ಇಲ್ಲವೇ ಲೈಂಗಿಕ ದೌರ್ಜನ್ಯಕ್ಕೆ ಒಳಪಡಿಸುವ ಆಯ್ಕೆಯನ್ನು ಆಟಗಾರನಿಗೆ ಕೊಡುವ ಆಟ ‘ಹಿಂಸಾತ್ಮಕ’. ಅದರ ಜೊತೆಗೆ ಮೂರು ಷರತ್ತುಗಳು: ಆಟವನ್ನು ಇಡಿಯಾಗಿ ನೋಡಿದಾಗ ಅದು ಎಳೆಯರ ವಿಕೃತ ಆಸಕ್ತಿಯನ್ನು ಕೆರಳಿಸುವಂತಿರಬೇಕು, ಎಳೆಯರಿಗೆ ಯಾವುದು ತಕ್ಕುದೆಂಬ ಸಮುದಾಯದ ರೂಢಿಗೆ ಅದು ಅಸಹ್ಯವೆನಿಸಬೇಕು, ಎಳೆಯರ ಮಟ್ಟಿಗೆ ಅದರಲ್ಲಿ ಗಂಭೀರವಾದ ಸಾಹಿತ್ಯಕ, ಕಲಾತ್ಮಕ, ರಾಜಕೀಯ ಅಥವಾ ವೈಜ್ಞಾನಿಕ ಮೌಲ್ಯ ಇರಕೂಡದು.

ಅಮೆರಿಕದ ಕಾನೂನು ಬಲ್ಲವರಿಗೆ ಈ ಮಾತುಗಳು ಎಲ್ಲಿಂದ ಬಂದವೆಂದು ತಕ್ಷಣ ಗೊತ್ತಾಗುತ್ತದೆ. ಇವು 1973ರ ಮಿಲ್ಲರ್ ತೀರ್ಪಿನ ಅಶ್ಲೀಲತೆಯ ಒರೆಗಲ್ಲುಗಳು. ವಯಸ್ಕರಿಗೆ ಅಶ್ಲೀಲವಲ್ಲದ ಲೈಂಗಿಕ ಚಿತ್ರಗಳನ್ನೂ ಎಳೆಯರಿಗೆ ಮಾರದಂತೆ ರಾಜ್ಯ ತಡೆಯಬಹುದೆಂದು 1968ರ ಗಿನ್ಸ್‌ಬರ್ಗ್ ತೀರ್ಪು ಹೇಳಿತ್ತು. ಲಾಂಗ್ ಐಲೆಂಡಿನ ಉಪಾಹಾರದಂಗಡಿಯವನೊಬ್ಬ ಹದಿನಾರರ ಹುಡುಗನಿಗೆ ನಗ್ನಚಿತ್ರಗಳ ಪತ್ರಿಕೆ ಮಾರಿದ ಪ್ರಕರಣವದು. ಯೀ ಆ ಎರಡು ತೀರ್ಪುಗಳ ಅಚ್ಚಿನಲ್ಲಿ ಲೈಂಗಿಕತೆಯನ್ನು ತೆಗೆದು ಹಿಂಸೆಯನ್ನು ಎರಕ ಹೊಯ್ದರು. ಜಾಣ ಕೆಲಸವೇ. ಆದರೆ ಆ ಅಚ್ಚು ಹಿಂಸೆಗೆ ಹೊಂದುವುದಿಲ್ಲವೆಂದು ಕೆಳಗಿನ ನ್ಯಾಯಾಲಯಗಳು ಅದಾಗಲೇ ಹೇಳತೊಡಗಿದ್ದವು. ಇಂಡಿಯಾನಾಪೊಲಿಸ್ ನಗರದ ಇಂಥದೇ ನಿಯಮವನ್ನು ನ್ಯಾಯಮೂರ್ತಿ ರಿಚರ್ಡ್ ಪೋಸ್ನರ್ 2001ರಲ್ಲಿ ತಡೆದಿದ್ದರು. ಸೇಂಟ್ ಲೂಯಿ ಕೌಂಟಿಯ ನಿಯಮ 2003ರಲ್ಲಿ ಬಿತ್ತು. ಎಳೆಯ ಗಿರಾಕಿಗೇ 25 ಡಾಲರ್ ದಂಡ ಹಾಕಹೊರಟಿದ್ದ ಮಿನ್ನೆಸೋಟ 2008ರಲ್ಲಿ ಸೋತಿತು.

ಬಹುಮತದ ತೀರ್ಪು ಬರೆದವರು ಆಂಟೊನಿನ್ ಸ್ಕಾಲಿಯಾ. ಅವರ ತರ್ಕದ ಮೊದಲ ಮೆಟ್ಟಿಲು ಇತಿಹಾಸ. ಲೈಂಗಿಕತೆಯಿಂದ ಮಕ್ಕಳನ್ನು ದೂರವಿಡುವ ದೀರ್ಘ ಪರಂಪರೆ ಅಮೆರಿಕದಲ್ಲಿದೆ, ಹಿಂಸೆಯಿಂದ ದೂರವಿಡುವ ಪರಂಪರೆ ಇಲ್ಲ. ಗ್ರಿಮ್ ಸೋದರರ ಕತೆಗಳಲ್ಲಿ ಮಕ್ಕಳೇ ಮಾಟಗಾತಿಯನ್ನು ಒಲೆಗೆ ನೂಕುತ್ತಾರೆ. ಹೋಮರನ ಒಡಿಸ್ಯೂಸ್ ಒಕ್ಕಣ್ಣ ದೈತ್ಯನ ಕಣ್ಣನ್ನು ಕಾದ ಕೊರಡಿನಿಂದ ತಿವಿಯುತ್ತಾನೆ. ಇವೆಲ್ಲ ಶಾಲೆಯ ಪಠ್ಯಗಳು. ಪ್ರಾಣಿಹಿಂಸೆಯ ವಿಡಿಯೊಗಳನ್ನು ಕುರಿತ 2010ರ ಸ್ಟೀವನ್ಸ್ ತೀರ್ಪಿನಲ್ಲಿ, ಅಮೆರಿಕದ ಸಂವಿಧಾನದ ಮೊದಲ ತಿದ್ದುಪಡಿಯ ರಕ್ಷಣೆಯಿಲ್ಲದ ಅಭಿವ್ಯಕ್ತಿಯ ಹೊಸ ವರ್ಗಗಳನ್ನು ಶಾಸಕಾಂಗ ತನಗೆ ತೋಚಿದಂತೆ ಸೃಷ್ಟಿಸಲಾಗದೆಂದು ಅದೇ ನ್ಯಾಯಾಲಯ ಹೇಳಿ ಇನ್ನೂ ಹೆಚ್ಚು ದಿನವಾಗಿರಲಿಲ್ಲ. ರಕ್ತಪಾತದ ಅಪರಾಧ ಕಥನಗಳನ್ನು ನಿಷೇಧಿಸಿದ ನ್ಯೂಯಾರ್ಕಿನ ಕಾನೂನು ಅಸ್ಪಷ್ಟವೆಂದು 1948ರ ವಿಂಟರ್ಸ್ ಪ್ರಕರಣದಲ್ಲೇ ಬಿದ್ದಿತ್ತು. ಅಲ್ಲಿಗೆ ವಿಡಿಯೊ ಗೇಮ್ ಕೂಡ ಪುಸ್ತಕ, ನಾಟಕ, ಸಿನಿಮಾಗಳಂತೆ ಸಂಪೂರ್ಣ ರಕ್ಷಣೆ ಪಡೆದ ಅಭಿವ್ಯಕ್ತಿ ಎಂದಾಯಿತು. ಅದನ್ನು ನಿರ್ಬಂಧಿಸುವ ಕಾನೂನು ಅತ್ಯಂತ ಕಠಿಣ ಪರಿಶೀಲನೆಯನ್ನು ದಾಟಬೇಕೆಂದೂ ಆಯಿತು.

ಪುರಾವೆಯ ಪ್ರಶ್ನೆ ಬರುವುದು ಇದಾದ ಮೇಲೆ. ಹಾಗಾಗಿ ಅದರ ಫಲಿತಾಂಶ ಬಹುಮಟ್ಟಿಗೆ ಮೊದಲೇ ನಿಶ್ಚಿತವಾಗಿತ್ತು. ಮನೋವಿಜ್ಞಾನಿ ಕ್ರೇಗ್ ಆಂಡರ್ಸನ್ ಮತ್ತಿತರರ ಅಧ್ಯಯನಗಳನ್ನು ರಾಜ್ಯ ಮುಂದಿಟ್ಟಿತ್ತು. ಅವು ತೋರಿಸುವುದು ಪರಸ್ಪರ ಸಂಬಂಧವನ್ನೇ ಹೊರತು ಕಾರಣವನ್ನಲ್ಲ ಎಂದು ಸ್ಕಾಲಿಯಾ ತಳ್ಳಿಹಾಕಿದರು. ಒಂದಕ್ಷರ ಬಿಟ್ಟ ಇಂಗ್ಲಿಷ್ ಪದವನ್ನು ಪೂರ್ಣಗೊಳಿಸುವಾಗ, ಆಗಷ್ಟೇ ಹಿಂಸಾತ್ಮಕ ಆಟ ಆಡಿದವರು ‘ಎಕ್ಸ್‌ಪ್ಲೋರ್’ ಎನ್ನದೆ ‘ಎಕ್ಸ್‌ಪ್ಲೋಡ್’ ಎಂದು ಬರೆಯುವ ಸಂಭವ ಹೆಚ್ಚು ಎಂಬ ಪ್ರಯೋಗವನ್ನು ಅವರು ಅಡಿಟಿಪ್ಪಣಿಯಲ್ಲಿ ಉಲ್ಲೇಖಿಸುವ ಧಾಟಿಯಲ್ಲಿ ಲೇವಡಿ ಎದ್ದು ಕಾಣುತ್ತದೆ. ಬಗ್ಸ್ ಬನ್ನಿ ಕಾರ್ಟೂನಿನಿಂದಲೂ ಬಂದೂಕಿನ ಬರೀ ಚಿತ್ರದಿಂದಲೂ ಅಷ್ಟೇ ಪರಿಣಾಮವಾಗುತ್ತದೆ ಎಂದು ಆಂಡರ್ಸನ್ ಅವರೇ ಒಪ್ಪಿದ್ದರು. ಹಾಗಿದ್ದರೆ ಗೇಮ್ ಅಂಗಡಿಯನ್ನು ಮಾತ್ರ ಹಿಡಿಯುವುದೇಕೆ? ತಂದೆತಾಯಿ ಮಾತ್ರವಲ್ಲ, ಅಜ್ಜ ಅಜ್ಜಿ, ಚಿಕ್ಕಪ್ಪ, ಅತ್ತೆ ಯಾರು ತಂದುಕೊಟ್ಟರೂ ತಪ್ಪಿಲ್ಲವೆಂದು ಕಾನೂನೇ ಹೇಳುತ್ತಿತ್ತು. ಅಷ್ಟು ಅಪಾಯಕರ ವಸ್ತುವನ್ನು ಇಷ್ಟು ಸಡಿಲವಾಗಿ ಬಿಡುವುದುಂಟೇ ಎಂಬ ಪ್ರಶ್ನೆಗೆ ರಾಜ್ಯದ ಬಳಿ ಉತ್ತರವಿರಲಿಲ್ಲ.

ಮುಂದಿನ ವರ್ಷಗಳ ಸಂಶೋಧನೆಯೂ ರಾಜ್ಯದ ಕೈ ಹಿಡಿಯಲಿಲ್ಲ, ಪೂರ್ತಿ ಕೈಬಿಡಲೂ ಇಲ್ಲ. ಅಮೆರಿಕನ್ ಮನೋವೈಜ್ಞಾನಿಕ ಸಂಘ 2015ರಲ್ಲಿ ಆಕ್ರಮಣಶೀಲತೆಯೊಂದಿಗೆ ಸಂಬಂಧವಿದೆಯೆಂದಿತು, ಅಪರಾಧದೊಂದಿಗೆ ಸಂಬಂಧವಿದೆಯೆನ್ನಲು ಪುರಾವೆ ಸಾಲದೆಂದಿತು. 14–15 ವಯಸ್ಸಿನ ಸಾವಿರದಷ್ಟು ಬ್ರಿಟಿಷ್ ಮಕ್ಕಳನ್ನು ಆಧರಿಸಿ ಆಂಡ್ರ್ಯೂ ಶಿಬಿಲ್ಸ್ಕಿ ಮತ್ತು ನೆಟ್ಟಾ ವೈನ್‌ಸ್ಟೈನ್ 2019ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ಆಕ್ರಮಣಶೀಲತೆಯ ಸಂಬಂಧವೂ ಕಾಣಲಿಲ್ಲ. ವಿಜ್ಞಾನ ಇಬ್ಬದಿಗೂ ವಾಲುವಾಗ ಗೆಲುವನ್ನು ನಿರ್ಧರಿಸುವುದು ಸಾಬೀತುಪಡಿಸುವ ಹೊಣೆ ಯಾರದೆಂಬ ನಿಯಮ. ಭಿನ್ನಮತದ ಸ್ಟೀಫನ್ ಬ್ರೇಯರ್ ಅಧ್ಯಯನಗಳ ಉದ್ದನೆಯ ಪಟ್ಟಿಯನ್ನೇ ತೀರ್ಪಿಗೆ ಲಗತ್ತಿಸಿ, ತಜ್ಞರು ಒಮ್ಮತಕ್ಕೆ ಬರದಿದ್ದಾಗ ನ್ಯಾಯಾಲಯ ಶಾಸಕಾಂಗದ ಎಣಿಕೆಯನ್ನು ಗೌರವಿಸಬೇಕೆಂದರು. ಹದಿಮೂರರ ಹುಡುಗನಿಗೆ ನಗ್ನ ಸ್ತ್ರೀಯ ಚಿತ್ರ ಮಾರುವುದನ್ನು ತಡೆಯಬಹುದು, ಅದೇ ಹುಡುಗ ತೆರೆಯ ಮೇಲೆ ಆ ಸ್ತ್ರೀಯನ್ನು ಕಟ್ಟಿಹಾಕಿ ಹಿಂಸಿಸಿ ಕೊಲ್ಲುವ ಆಟವನ್ನು ತಡೆಯಲಾಗದು, ಇದೆಂಥ ಕಾನೂನು ಎಂಬ ಅವರ ಪ್ರಶ್ನೆಗೆ ಬಹುಮತ ಕೊಟ್ಟ ಉತ್ತರ ಇತಿಹಾಸವೊಂದೇ. ಇನ್ನೊಬ್ಬ ಭಿನ್ನಮತೀಯ ಕ್ಲಾರೆನ್ಸ್ ಥಾಮಸ್ ಅವರದೂ ಇತಿಹಾಸವೇ: ಸಂವಿಧಾನ ಬರೆದವರ ಕಾಲದಲ್ಲಿ ಪಾಲಕರನ್ನು ದಾಟಿ ಮಕ್ಕಳೊಡನೆ ಮಾತಾಡುವ ಹಕ್ಕು ಯಾರಿಗೂ ಇರಲಿಲ್ಲ ಎಂಬುದು ಅವರ ನಿಲುವು. ಒಂದೇ ಇತಿಹಾಸ ಎರಡು ವಿರುದ್ಧ ತೀರ್ಪುಗಳಿಗೆ ಆಧಾರವಾಯಿತು.

ನನಗೆ ಎಲ್ಲಕ್ಕಿಂತ ಗಟ್ಟಿಯೆನಿಸುವುದು ಸ್ಯಾಮ್ಯುಯೆಲ್ ಅಲಿಟೊ ಬರೆದು ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಸೇರಿಕೊಂಡ ಪ್ರತ್ಯೇಕ ಅಭಿಪ್ರಾಯ. ಕಾನೂನು ಬೀಳಬೇಕೆಂದು ಅವರೂ ಒಪ್ಪುತ್ತಾರೆ, ಆದರೆ ಅದಕ್ಕೆ ಕೊಡುವ ಕಾರಣ ಅಸ್ಪಷ್ಟತೆ. ಲೈಂಗಿಕ ಚಿತ್ರದ ವಿಷಯದಲ್ಲಿ ‘ಇದು ಮಕ್ಕಳಿಗಲ್ಲ’ ಎಂಬ ಗೆರೆ ಎಲ್ಲಿದೆಯೆಂದು ಸಮಾಜಕ್ಕೆ ಸ್ಥೂಲವಾಗಿಯಾದರೂ ಗೊತ್ತು. ಹಿಂಸೆಯ ವಿಷಯದಲ್ಲಿ ಅಂಥ ರೂಢಿಯೇ ಬೆಳೆದಿಲ್ಲ. ಆದ್ದರಿಂದ ಯಾವ ಆಟ ಮಾರಿದರೆ ದಂಡವೆಂದು ಅಂಗಡಿಯವನಿಗೆ ತಿಳಿಯುವಂತಿಲ್ಲ. ಆಟ ಪುಸ್ತಕದಂತೆಯೇ ಎಂಬ ಬಹುಮತದ ಮಾತಿಗೆ ಮಾತ್ರ ಅವರು ಸಹಿ ಹಾಕಲಿಲ್ಲ. ಓದುಗನೇ ದಾರಿ ಆಯ್ದುಕೊಳ್ಳುವ ಮಕ್ಕಳ ಪುಸ್ತಕಗಳು 1969ರಿಂದಲೇ ಇವೆ, ಆಟಗಾರ ಭಾಗವಹಿಸುತ್ತಾನೆಂಬುದು ಹೊಸತಲ್ಲ ಎಂದು ಸ್ಕಾಲಿಯಾ ಬರೆದಿದ್ದರು. ಇಲ್ಲಿ ಅವರು ಎಡವಿದ್ದಾರೆ. ಯಕ್ಷಗಾನದ ಮುಂದಿನ ಸಾಲಿನಲ್ಲಿ ಕೂತು ದುಶ್ಶಾಸನ ವಧೆ ನೋಡುವ ಹುಡುಗ ಭೀಮನ ಪಾತ್ರಧಾರಿಯಲ್ಲ. ಭಾಗವತರ ಪದ, ಭೀಮನ ಪ್ರತಿಜ್ಞೆ, ದ್ರೌಪದಿಯ ಬಿಚ್ಚಿದ ಮುಡಿ ಇವುಗಳ ನಡುವೆ ಆ ಕೊಲೆಗೊಂದು ಅರ್ಥವಿರುತ್ತದೆ. ಆಟದಲ್ಲಿ ಕೊಲ್ಲುವ ಗುಂಡಿ ಒತ್ತುವವನು ಹುಡುಗನೇ, ಅಂಕ ಸಿಗುವುದೂ ಅವನಿಗೇ, ಮತ್ತೆ ಮತ್ತೆ ಒತ್ತುವುದೂ ಅವನೇ. ಈ ವ್ಯತ್ಯಾಸದಿಂದ ಹಾನಿಯಾಗುತ್ತದೆಂದು ನಾನು ಹೇಳುತ್ತಿಲ್ಲ. ವ್ಯತ್ಯಾಸವೇ ಇಲ್ಲವೆಂದು ಕಾನೂನು ಈಗಲೇ ಷರಾ ಬರೆದುಬಿಡುವುದು ಅವಸರ ಎಂಬುದೇ ಅಲಿಟೊ ಹೇಳಿದ್ದು.

ಈ ತೀರ್ಪಿಗೆ ಹಿನ್ನೆಲೆಯಾಗಿ ಉದ್ಯಮದ ಸ್ವಯಂನಿಯಂತ್ರಣವೂ ಇತ್ತು. ‘ಮಾರ್ಟಲ್ ಕಾಂಬ್ಯಾಟ್’ ಆಟವನ್ನು ಕುರಿತು 1993ರಲ್ಲಿ ಸೆನೆಟ್ ವಿಚಾರಣೆ ನಡೆಸಿದಾಗ ಹೆದರಿದ ಕಂಪನಿಗಳು ಮರುವರ್ಷವೇ ಇಎಸ್‌ಆರ್‌ಬಿ ಎಂಬ ಶ್ರೇಣೀಕರಣ ಮಂಡಳಿಯನ್ನು ಕಟ್ಟಿದವು. ಭಯಾನಕ ಕಾಮಿಕ್ಸ್ ವಿರುದ್ಧದ ಗದ್ದಲಕ್ಕೆ ಅಮೆರಿಕದ ಪ್ರಕಾಶಕರು 1954ರಲ್ಲಿ ಕಾಮಿಕ್ಸ್ ಸಂಹಿತೆ ಮಾಡಿಕೊಂಡ ಹಾಗೆಯೇ ಇದು. ಫಲವೂ ಸಿಕ್ಕಿತು: ಫೆಡರಲ್ ಟ್ರೇಡ್ ಕಮಿಷನ್ ವೇಷ ಮರೆಸಿ ನಡೆಸಿದ ಪರೀಕ್ಷೆಗಳಲ್ಲಿ, 17 ತುಂಬಿದವರಿಗೆಂದು ಗುರುತಿಸಿದ ಆಟವನ್ನು ಕೊಳ್ಳಲು ಸಾಧ್ಯವಾದ ಎಳೆಯರ ಪ್ರಮಾಣ 2000ದಲ್ಲಿ ಶೇ 85 ಇದ್ದದ್ದು 2009ರ ವರದಿಯ ಹೊತ್ತಿಗೆ ಶೇ 20ಕ್ಕೆ ಇಳಿದಿತ್ತು. ಕಾನೂನಿಲ್ಲದೆಯೇ ಇಷ್ಟಾಗಿರುವಾಗ ಕಾನೂನೇಕೆ ಎಂದು ಸ್ಕಾಲಿಯಾ ಈ ಅಂಕಿಯನ್ನೇ ಬಳಸಿಕೊಂಡರು.

ಅಟ್ಲಾಂಟಿಕ್‌ನ ಆಚೆ ದಡದಲ್ಲಿ ಸಂಶಯದ ಭಾರ ಬೇರೆ ಹೆಗಲಿಗೆ ಬಿದ್ದಿದೆ. ಜರ್ಮನಿಯ ಮೂಲಭೂತ ಕಾನೂನಿನ 5ನೆಯ ವಿಧಿಯೇ ಯುವಜನರ ರಕ್ಷಣೆಯನ್ನು ಅಭಿವ್ಯಕ್ತಿ ಸ್ವಾತಂತ್ರ್ಯದ ಮಿತಿಯೆಂದು ಬರೆದಿಟ್ಟಿದೆ. 2003ರ ಏಪ್ರಿಲ್ 1ರಿಂದ ಜಾರಿಯಾದ ಯುವ ಸಂರಕ್ಷಣಾ ಕಾಯ್ದೆಯಿಂದ ಅಲ್ಲಿ ಆಟಗಳ 0, 6, 12, 16, 18ರ ಶ್ರೇಣಿಗಳು ಅಂಗಡಿಗಳ ಮೇಲೆ ಬಂಧಕ. ಬ್ರಿಟನ್ನಿನ ಕತೆ ತುಸು ಹಾಸ್ಯದ್ದು. ಅಲ್ಲಿನ 1984ರ ವಿಡಿಯೊ ಕಾಯ್ದೆಯನ್ನು ಯುರೋಪಿಯನ್ ಆಯೋಗಕ್ಕೆ ತಿಳಿಸಲು ಮರೆತಿದ್ದರೆಂಬುದು 25 ವರ್ಷದ ನಂತರ, 2009ರಲ್ಲಿ ಗೊತ್ತಾಯಿತು. ಜಾರಿಗೊಳಿಸಲಾಗದ ಆ ಕಾಯ್ದೆಯನ್ನು 2010ರಲ್ಲಿ ಮತ್ತೆ ಅಂಗೀಕರಿಸಬೇಕಾಯಿತು. 2012ರ ಜುಲೈ 30ರಿಂದ ಪೆಗಿ ಎಂಬ ಯುರೋಪಿನ ಆಟಗಳ ಶ್ರೇಣಿಯ 12, 16, 18ರ ಗುರುತುಗಳಿಗೆ ಅಲ್ಲಿ ಕಾನೂನಿನ ಬಲವಿದೆ, ಆದರೆ ಪೆಟ್ಟಿಗೆಯಲ್ಲಿ ಬರುವ ಆಟಗಳಿಗೆ ಮಾತ್ರ. ಡೌನ್‌ಲೋಡ್ ಮಾಡಿಕೊಂಡರೆ ಆ ಕಾಯ್ದೆ ಅನ್ವಯಿಸದು.

ಭಾರತದ ಸ್ಥಿತಿ ವಿಚಿತ್ರ. ವಿಡಿಯೊ ಗೇಮ್‌ನ ಹಿಂಸೆಗೆಂದೇ ಇಲ್ಲಿ ವಯಸ್ಸಿನ ಮಾರಾಟ ನಿರ್ಬಂಧವಿಲ್ಲ. ಸಿನಿಮಾಕ್ಕಿದೆ, 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಒಟಿಟಿಗೂ 7, 13, 16ರ ಶ್ರೇಣಿಗಳಿವೆ. 2020ರ ಸೆಪ್ಟೆಂಬರ್‌ನಲ್ಲಿ ಪಬ್ಜಿ ನಿಷೇಧವಾದದ್ದು ದೇಶದ ಭದ್ರತೆಯ ಹೆಸರಿನಲ್ಲಿ, ಮಕ್ಕಳ ಹೆಸರಿನಲ್ಲಲ್ಲ. ಕರ್ನಾಟಕದಲ್ಲಿ ಪೊಲೀಸ್ ಕಾಯ್ದೆಯ 2021ರ ತಿದ್ದುಪಡಿಯನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದುಪಡಿಸಿತಲ್ಲ, ಆ ಜಗಳವೂ ಹಣ ಕಟ್ಟಿ ಆಡುವುದರ ಕುರಿತದ್ದು.

ಆದರೆ 1956ರ ಯುವಜನ (ಹಾನಿಕರ ಪ್ರಕಟಣೆಗಳು) ಕಾಯ್ದೆ ಎಂಬುದೊಂದಿದೆ. ವಕೀಲರಲ್ಲೂ ಅದನ್ನು ನೆನೆಯುವವರು ಕಡಿಮೆ. ಕಾಮಿಕ್ಸ್ ಭಯದಿಂದ ಬ್ರಿಟನ್ 1955ರಲ್ಲಿ ಮಾಡಿದ ಕಾಯ್ದೆಯ ಪಡಿಯಚ್ಚು ಅದು. ಅಪರಾಧ, ಹಿಂಸೆ, ಕ್ರೌರ್ಯ ಅಥವಾ ಭೀಕರ ಘಟನೆಗಳನ್ನೇ ಮುಖ್ಯವಾಗಿ ಚಿತ್ರಿಸಿ ಎಳೆಯರನ್ನು ಕೆಡಿಸುವಂಥ ಕತೆಗಳ ಪ್ರಕಟಣೆಯನ್ನು ಮಾರಿದರೆ ಆರು ತಿಂಗಳವರೆಗೆ ಸೆರೆ. ಯುವಜನರೆಂದರೆ 20 ತುಂಬದವರು. ವಿಂಟರ್ಸ್ ತೀರ್ಪಿನಲ್ಲಿ ಅಮೆರಿಕ ತಿರಸ್ಕರಿಸಿದ ಬಗೆಯ ಅಸ್ಪಷ್ಟತೆಯನ್ನು ನಮ್ಮ ಸಂಸತ್ತು ಎಂಟು ವರ್ಷದ ನಂತರ ಚರ್ಮದ ರಟ್ಟು ಹಾಕಿ ಇಟ್ಟುಕೊಂಡಿತು.

ನಾಳೆ ಗೇಮ್‌ಗಳಿಗೂ ಇಂಥ ಕಾನೂನು ಬಂದರೆ ಬ್ರೌನ್ ಪ್ರಕರಣದಲ್ಲಾದಂತೆ ಅದು ಇಲ್ಲಿ ಬೀಳುವುದು ಕಷ್ಟ. ಸಂವಿಧಾನದ 19(2)ನೆಯ ವಿಧಿ ಸಭ್ಯತೆ, ನೈತಿಕತೆಯ ಹೆಸರಿನಲ್ಲಿ ಸಮಂಜಸ ನಿರ್ಬಂಧಕ್ಕೆ ಎಡೆಕೊಡುತ್ತದೆ; ಸಿನಿಮಾ ಇತರ ಕಲೆಗಳಿಗಿಂತ ಹೆಚ್ಚು ಆಳವಾಗಿ ಮನಸ್ಸನ್ನು ತಟ್ಟುತ್ತದೆಂದು ಹೇಳಿ ಪೂರ್ವ ಸೆನ್ಸಾರ್ ಪದ್ಧತಿಯನ್ನು ಸುಪ್ರೀಂ ಕೋರ್ಟ್ 1970ರ ಕೆ. ಎ. ಅಬ್ಬಾಸ್ ಪ್ರಕರಣದಲ್ಲೇ ಎತ್ತಿಹಿಡಿದಿದೆ. ಮಕ್ಕಳ ನೆಪದಲ್ಲಿ ವಯಸ್ಕರ ಓದನ್ನು ಮಕ್ಕಳ ಮಟ್ಟಕ್ಕಿಳಿಸಲಾಗದೆಂದು 2006ರ ಅಜಯ್ ಗೋಸ್ವಾಮಿ ತೀರ್ಪು ಹೇಳಿದ್ದು ನಿಜ, ಆದರೆ ವಯಸ್ಸಿನ ನಿರ್ಬಂಧ ವಯಸ್ಕರನ್ನು ಮುಟ್ಟುವುದೇ ಇಲ್ಲ. ನ್ಯಾಯಾಲಯ ಸಂಶಯದ ಭಾರವನ್ನು ಸರ್ಕಾರದ ಮೇಲೆ ಹೊರಿಸದ ದೇಶದಲ್ಲಿ ಕಾನೂನಿನ ಕರಡು ಬರೆಯುವವರೇ ಅದನ್ನು ಹೊರಬೇಕಾಗುತ್ತದೆ. ಯಾವ ದೃಶ್ಯ, ಯಾವ ಕ್ರಿಯೆ, ಯಾವ ವಯಸ್ಸು ಎಂಬುದನ್ನು ಮುಂಚಿತವಾಗಿ ಶ್ರೇಣೀಕರಿಸುವ ಮಂಡಳಿಯಿರಬೇಕು, ಅದರ ಗುರುತನ್ನು ಉಲ್ಲಂಘಿಸಿದವನಿಗಷ್ಟೇ ದಂಡವಿರಬೇಕು. ‘ವಿಕೃತ’, ‘ಭೀಕರ’ ಎಂಬ ವಿಶೇಷಣಗಳನ್ನು ಅಂಗಡಿಯವನ ಊಹೆಗೆ ಬಿಡಬಾರದು. ಅಮೆರಿಕದ ಬಹುಮತದ ತೀರ್ಪಿಗಿಂತ ಅಲಿಟೊ ಅಭಿಪ್ರಾಯವೇ ನಮಗೆ ಹೆಚ್ಚು ಬಳಕೆಗೆ ಬರುವುದು ಈ ಕಾರಣಕ್ಕೆ.

ಬ್ರೌನ್ ತೀರ್ಪಿನ ಸರಿಯಾಗಿ ಹದಿನಾಲ್ಕು ವರ್ಷದ ನಂತರ, 2025ರ ಜೂನ್ 27ರಂದು, ಅಶ್ಲೀಲ ಜಾಲತಾಣಗಳು ವಯಸ್ಸು ಪರೀಕ್ಷಿಸಬೇಕೆಂಬ ಟೆಕ್ಸಾಸ್ ಕಾನೂನನ್ನು ಅದೇ ನ್ಯಾಯಾಲಯ 6–3ರಲ್ಲಿ ಎತ್ತಿಹಿಡಿಯಿತು; ತೀರ್ಪು ಬರೆದವರು ಥಾಮಸ್. ಲೈಂಗಿಕತೆಗೆ ಒಂದು ಅಳತೆ, ಹಿಂಸೆಗೆ ಇನ್ನೊಂದು ಎಂಬ ವಿಂಗಡಣೆ ಅಲ್ಲಿ ಇಂದಿಗೂ ಹಾಗೇ ಇದೆ. ಇಲ್ಲಿ ಹತ್ತೊಂಬತ್ತರ ತರುಣನಿಗೆ ಹಾನಿಕರ ಚಿತ್ರಕಥೆ ಮಾರಿದವನನ್ನು 1956ರ ಕಾಯ್ದೆಯಡಿ ಜೈಲಿಗೆ ಕಳಿಸಬಹುದು. ಹತ್ತರ ಹುಡುಗನಿಗೆ ಕೊಲೆಯ ಆಟವೊಂದನ್ನು ಮಾರಿದವನಿಗೆ ‘ಇವನ ವಯಸ್ಸೆಷ್ಟು’ ಎಂದು ಕೇಳಬೇಕಾದ ಹೊಣೆಯನ್ನು ಆ ಕಾಯ್ದೆ ಹೊರಿಸಿಲ್ಲ.