ಶ್ರಾವಣೆಯೂ ಧ್ವನಿವರ್ಧಕವೂ

ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ಮಾರ್ಗದಲ್ಲಿ ಮಸ್ಕಿಯೆಂಬ ಊರಿರುವುದು. 1915ನೆಯ ಇಸವಿಯಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರನು ಅಲ್ಲಿಯ ಬಂಡೆಯೊಂದರ ಮೇಲೆ ಪುರಾತನ ಲಿಪಿಯನ್ನು ಕಂಡನು. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಅದೇ ವರ್ಷ ಪ್ರಕಟಿಸಿದರು. ದೇವಾನಾಂಪ್ರಿಯನೆಂಬ ಬಿರುದಿನೊಡನೆ ಅಶೋಕನೆಂಬ ಹೆಸರು ಶಾಸನದಲ್ಲಿ ಮೊದಲು ದೊರೆತುದು ಇಲ್ಲಿಯೇ ಎಂಬುದು ವಾಚಕರಿಗೆ ವಿದಿತವಾಗಿದೆ.

ಆದರೆ ಈ ಶಾಸನದಲ್ಲಿ ವಿಚಾರಾರ್ಹವಾದ ಮತ್ತೊಂದು ಅಂಶವುಂಟು. ಧರ್ಮದ ಫಲವು ದೊಡ್ಡವರಿಗೆ ಮಾತ್ರ ಮೀಸಲಲ್ಲ, ಸಣ್ಣವನಿಗೂ ಸಾಧ್ಯ. ಈ ಮಾತನ್ನು ಇಬ್ಬರಿಗೂ ಹೇಳಬೇಕು ಎಂಬುದು ಅದರ ತಾತ್ಪರ್ಯ. ಓದಬೇಕೆಂದಲ್ಲ, ಹೇಳಬೇಕೆಂದು! ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿಯ ಪ್ರತಿಯಲ್ಲಿ ಇದಕ್ಕೆ ಶ್ರಾವಣೆಯೆಂದೇ ಹೆಸರು. ಕರ್ನೂಲು ಸೀಮೆಯ ಎರ್ರಗುಡಿಯ ಪ್ರತಿಯಲ್ಲಿ, ರಜ್ಜುಕನೆಂಬ ಅಧಿಕಾರಿಯು ಭೇರಿಯನ್ನು ಬಾರಿಸಿ ಜಾನಪದರಿಗೆ ಇದನ್ನು ತಿಳಿಸತಕ್ಕದ್ದೆಂದು ಆಜ್ಞೆಯಿದೆ. ನಮ್ಮ ಗ್ರಾಮಗಳ ಡಂಗುರವೂ ಇದೇ ಪದ್ಧತಿಯದು. ಶಿಲೆಯು ಮಾತನ್ನು ಕಾಪಾಡಿತು; ಕಿವಿಗೆ ಮುಟ್ಟಿಸುವ ಭಾರವು ಮನುಷ್ಯನ ಕೊರಳ ಮೇಲೆಯೇ ಉಳಿಯಿತು.

ಆ ಕೊರಳಿಗೆ ನೆರವು ದೊರೆತುದೂ 1915ರಲ್ಲಿಯೇ ಎಂಬುದು ಕಾಕತಾಳೀಯವಾದರೂ ಸ್ವಾರಸ್ಯಕರವಾಗಿದೆ. ಆ ವರ್ಷದ ಡಿಸೆಂಬರಿನಲ್ಲಿ ಜೆನ್ಸನ್ ಮತ್ತು ಪ್ರಿಡ್‌ಹ್ಯಾಮ್ ಎಂಬುವರು ಸ್ಯಾನ್‌ಫ್ರಾನ್ಸಿಸ್ಕೋ ನಗರದಲ್ಲಿ ತಮ್ಮ ವಿದ್ಯುತ್ ಧ್ವನಿವರ್ಧಕವನ್ನು ಮಹಾಜನಸಂದಣಿಯ ಮುಂದೆ ಪ್ರಯೋಗಿಸಿದರು. 1919ರಲ್ಲಿ ಅಮೆರಿಕೆಯ ಅಧ್ಯಕ್ಷ ವಿಲ್ಸನ್ನರು ಸ್ಯಾನ್ ಡಿಯಾಗೋದ ಕ್ರೀಡಾಂಗಣದಲ್ಲಿ, ಗಾಜಿನ ಮಂಟಪದೊಳಗೆ ನಿಂತು, ಸುಮಾರು 50,000 ಜನರಿಗೆ ಭಾಷಣ ಮಾಡಿದರು. ಕ್ರೀಡಾಂಗಣಕ್ಕೂ ಧ್ವನಿವರ್ಧಕಕ್ಕೂ ನಂಟು ಬೆಳೆದುದು ಹೀಗೆ.

ಅಲ್ಲಿಂದೀಚೆಗೆ ಯಂತ್ರದ ಶಕ್ತಿಯು ಬಹುವಾಗಿ ವೃದ್ಧಿಸಿತು. ಸ್ಪಷ್ಟತೆಯು ಅದರೊಡನೆ ತಾನಾಗಿ ಬರಲಿಲ್ಲ. ಕಾಲ್ಚೆಂಡಿನ ಬಯಲು ಸುಮಾರು 105 ಮೀಟರು ಉದ್ದ. ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರು ಚಲಿಸುವುದು. ಆದುದರಿಂದ ಒಂದು ತುದಿಯ ಮಾತು ಮತ್ತೊಂದು ತುದಿಯನ್ನು ಸೇರಲು ಸೆಕೆಂಡಿನ ಮೂರನೆಯ ಒಂದು ಪಾಲು ಬೇಕು. ಹತ್ತಿರದ ಮತ್ತು ದೂರದ ವರ್ಧಕಗಳೆರಡೂ ಕೇಳಿಸುವವನಿಗೆ ಒಂದೇ ಅಕ್ಷರವು ಎರಡು ಸಾರಿ ಬಂದು ಬೀಳುವುದು. ಆಗ ಸ್ವರಗಳು ಉಳಿದು ವ್ಯಂಜನಗಳು ಮಸುಳುವುವು. ವ್ಯಂಜನವಿಲ್ಲದ ಮಾತು ಬರಿಯ ಘೋಷವಷ್ಟೆ. ಅದನ್ನು ಎಷ್ಟು ಗಟ್ಟಿಮಾಡಿದರೂ ಅರ್ಥವು ಹುಟ್ಟದು.

ಈ ಕಾರಣದಿಂದ ಈಗಿನ ಸುಧಾರಣೆಯ ಕ್ರಮವೇ ಬೇರೆಯಾಗಿದೆ. ಒಂದೆಡೆ ಮಹಾಕಹಳೆಯನ್ನಿಡುವ ಬದಲು ಸಣ್ಣ ವರ್ಧಕಗಳನ್ನು ಚಾವಣಿಯಿಂದ ತೂಗಹಾಕಿ ಆಸನಗಳತ್ತ ತಿರುಗಿಸುವರು. ದೂರದವುಗಳಿಗೆ ಹೋಗುವ ಧ್ವನಿಯನ್ನು ಲೆಕ್ಕಹಾಕಿ ತಡೆದು, ಎಲ್ಲವೂ ಒಟ್ಟಿಗೆ ಕಿವಿಗೆ ತಲಪುವಂತೆ ಹೊಂದಿಸುವರು. ಬಯಲಿನಲ್ಲಿ ದೂರವು ಇಮ್ಮಡಿಸಿದಂತೆಲ್ಲ ಧ್ವನಿಯು 6 ಡೆಸಿಬೆಲ್‌ಗಳಷ್ಟು ಕುಗ್ಗುವುದರಿಂದ, ಕೇಳುವವನ ಸಮೀಪಕ್ಕೆ ಮಾತನ್ನು ಒಯ್ಯುವುದೇ ಲೇಸು. ಹೊರಗಣ ನೆರೆಹೊರೆಯವರಿಗೆ ತೊಂದರೆಯೂ ಕಡಮೆ.

ಇದು ವಿನೋದದ ಮಾತಲ್ಲ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಬಳಿ ನೂಕುನುಗ್ಗಲಿನಲ್ಲಿ 11 ಜನರು ಅಸುನೀಗಿದರು. ಅದು ಕ್ರಿಕೆಟ್ಟಿನ ವಿಜಯೋತ್ಸವ. ಆದರೆ ಸಮೀಪದ ಕಂಠೀರವ ಕ್ರೀಡಾಂಗಣದಲ್ಲಿ ಸೇರುವ ಕಾಲ್ಚೆಂಡಿನ ಪ್ರೇಕ್ಷಕರ ಸಂದಣಿಯ ಸ್ವಭಾವವೂ ಬೇರೆಯಲ್ಲ. ಯಾವ ಬಾಗಿಲು ಮುಚ್ಚಿದೆ, ಯಾವುದು ತೆರೆದಿದೆ, ಎಲ್ಲಿ ನಿಲ್ಲಬೇಕು ಎಂಬ ಮೂರು ಮಾತುಗಳು ಬೀದಿಯಲ್ಲಿ ನಿಂತವನಿಗೂ ಸ್ಪಷ್ಟವಾಗಿ ಕೇಳಿಸುವುದು ಪ್ರಾಣರಕ್ಷಣೆಯ ಸಾಧನಗಳಲ್ಲೊಂದು.

ಆದುದರಿಂದ ಧ್ವನಿವ್ಯವಸ್ಥೆಯ ಪರೀಕ್ಷೆಯು ಅತಿಥಿಗಳ ವೇದಿಕೆಯಲ್ಲಿ ನಡೆಯತಕ್ಕದ್ದಲ್ಲ. ಅತ್ಯಲ್ಪ ಬೆಲೆಯ ಚೀಟಿ ಕೊಂಡು ಕಟ್ಟಕಡೆಯ ಸಾಲಿನಲ್ಲಿ ಕುಳಿತವನ ಬಳಿ ನಡೆಯತಕ್ಕದ್ದು. ಸಣ್ಣವನಿಗೂ ದೊಡ್ಡವನಿಗೂ ಹೇಳಬೇಕೆಂದು ಮಸ್ಕಿಯ ಬಂಡೆಯು ಎರಡು ಸಾವಿರ ವರ್ಷಗಳಿಗೂ ಮೇಲ್ಪಟ್ಟು ವಿಧಿಸುತ್ತಿರುವುದೂ ಇದನ್ನೇ.