ಪರಿಚಿತ ಪದದ ಅಪರಿಚಿತ ಅರ್ಥ: ದಕ್ಷಿಣಧ್ರುವ ಯಾನಕಥನದ ಓದು ಮತ್ತು ಪದಕಲಿಕೆಯ ಒಂದು ಸಮಸ್ಯೆ

ಎರಡನೆಯ ಭಾಷೆಯ ಪದಸಂಪತ್ತು ಪಟ್ಟಿಗಳನ್ನು ಬಾಯಿಪಾಠ ಮಾಡುವುದಕ್ಕಿಂತ ಓದಿನಿಂದಲೇ ಚೆನ್ನಾಗಿ ಬೆಳೆಯುತ್ತದೆ ಎಂಬ ನಿಲುವಿಗೆ 1980ರ ದಶಕದಲ್ಲಿ ಸ್ಟೀಫನ್ ಕ್ರಾಶೆನ್ ಒದಗಿಸಿದ ಸೈದ್ಧಾಂತಿಕ ಬಲ ಇಂದಿಗೂ ಪೂರ್ತಿ ಕುಗ್ಗಿಲ್ಲ. ಓದುಗನ ಗಮನ ವಿಷಯದ ಮೇಲಿರುವಾಗ ಪದಗಳು ತಾವಾಗಿಯೇ ಮನಸ್ಸಿನಲ್ಲಿ ನೆಲೆಗೊಳ್ಳುವುದನ್ನು ಈ ಕ್ಷೇತ್ರದಲ್ಲಿ ‘ಪ್ರಾಸಂಗಿಕ ಕಲಿಕೆ’ ಎನ್ನಲಾಗುತ್ತದೆ. ಫಿಜಿಯ ಗ್ರಾಮೀಣ ಶಾಲೆಗಳಿಗೆ ಕಥಾಪುಸ್ತಕಗಳನ್ನು ಹೇರಳವಾಗಿ ಒದಗಿಸಿ ವಾರ್ವಿಕ್ ಎಲ್ಲಿ ಮತ್ತು ಫ್ರಾನ್ಸಿಸ್ ಮಂಗೂಭಾಯಿ 1983ರಲ್ಲಿ ಪ್ರಕಟಿಸಿದ ಫಲಿತಾಂಶಗಳು ಇಂಥ ಕಲಿಕೆ ನಡೆಯುತ್ತದೆಂಬುದನ್ನು ತೋರಿಸಿಕೊಟ್ಟವು. ಅದು ಎಷ್ಟರಮಟ್ಟಿಗೆ ನಡೆಯುತ್ತದೆಂಬುದರಲ್ಲಿ ಮಾತ್ರ ಒಮ್ಮತವಿಲ್ಲ. ಪಠ್ಯವೊಂದು ನೆರವಿಲ್ಲದೆ ಅರ್ಥವಾಗಬೇಕಾದರೆ ಅದರ ಸುಮಾರು ಶೇಕಡಾ 98ರಷ್ಟು ಪದಗಳು ಮೊದಲೇ ಗೊತ್ತಿರಬೇಕೆಂದು ಹೂ ಮತ್ತು ನೇಷನ್ 2000ದಲ್ಲಿ ವಾದಿಸಿದರು. 2007ರಲ್ಲಿ ಟಾಮ್ ಕಾಬ್, ವಿರಳ ಪದಗಳು ಸ್ವತಂತ್ರ ಓದಿನಲ್ಲಿ ಸಾಕಷ್ಟು ಸಲ ಎದುರಾಗುವುದೇ ಇಲ್ಲವೆಂದು ಲೆಕ್ಕ ಹಾಕಿ ತೋರಿಸಿದಾಗ, ಓದಿನ ಪ್ರಮಾಣವನ್ನೇ ಆ ಲೆಕ್ಕ ಕಡಿಮೆ ಅಂದಾಜಿಸಿದೆಯೆಂದು ಮರುವರ್ಷ ಮ್ಯಾಕ್‌ಕ್ವಿಲನ್ ಮತ್ತು ಕ್ರಾಶೆನ್ ಉತ್ತರಿಸಿದರು.

ಈ ವಾಗ್ವಾದದಲ್ಲಿ ಯಾರ ಲೆಕ್ಕ ಸರಿಯೆಂಬುದು ಪ್ರಸ್ತುತ ಲೇಖನದ ವಿಷಯವಲ್ಲ. ಎರಡೂ ಪಕ್ಷಗಳು ಚರ್ಚೆಯಿಲ್ಲದೆ ಒಪ್ಪಿಕೊಂಡಿರುವ ಒಂದು ಪೂರ್ವಗ್ರಹಿಕೆಯನ್ನು, ಅಂದರೆ ಓದುಗನಿಗೆ ಅಡ್ಡಿಯಾಗುವುದು ಗೊತ್ತಿಲ್ಲದ ಪದಗಳೇ ಎಂಬುದನ್ನು, ಒಂದು ನೈಜ ಸಾಹಸಕಥನದ ಆಧಾರದಿಂದ ಇಲ್ಲಿ ಪ್ರಶ್ನಿಸಲಾಗಿದೆ.

ಆಯ್ದುಕೊಂಡ ಪಠ್ಯ ಅರ್ನೆಸ್ಟ್ ಶ್ಯಾಕಲ್‌ಟನ್ 1919ರಲ್ಲಿ ಪ್ರಕಟಿಸಿದ ‘ಸೌತ್’. 1914ರ ಡಿಸೆಂಬರಿನಲ್ಲಿ ಸೌತ್ ಜಾರ್ಜಿಯಾ ದ್ವೀಪದಿಂದ ಹೊರಟ ‘ಎಂಡ್ಯೂರೆನ್ಸ್’ ಹಡಗು ಮರುತಿಂಗಳೇ ವೆಡೆಲ್ ಸಮುದ್ರದ ಹಿಮಗಡ್ಡೆಗಳ ನಡುವೆ ಸಿಕ್ಕಿಕೊಂಡಿತು. 1915ರ ನವೆಂಬರಿನಲ್ಲಿ ಮುಳುಗಿತು. ಅದರಲ್ಲಿದ್ದ 28 ಜನ ತೇಲುವ ಹಿಮದ ಮೇಲೆ ತಿಂಗಳುಗಟ್ಟಲೆ ಬಿಡಾರ ಹೂಡಿ, 1916ರ ಏಪ್ರಿಲಿನಲ್ಲಿ ಎಲಿಫೆಂಟ್ ದ್ವೀಪವನ್ನು ತಲುಪಿದರು. ಅಲ್ಲಿಂದ ಆರು ಜನ ‘ಜೇಮ್ಸ್ ಕೇರ್ಡ್’ ಎಂಬ ಸುಮಾರು 22 ಅಡಿಯ ದೋಣಿಯಲ್ಲಿ 800 ನಾವಿಕ ಮೈಲಿ ಸಾಗಿ ಸೌತ್ ಜಾರ್ಜಿಯಾಕ್ಕೆ ಮರಳಿದರು. ಇಂಥ ಕಥನಗಳು ಭಾಷಾಕಲಿಕೆಗೆ ಒದಗಿಬರುವುದು ರೋಚಕತೆಯಿಂದ ಮಾತ್ರವಲ್ಲ. ಎಲ್ಲವನ್ನೂ ಕಳೆದುಕೊಂಡವರ ಲೋಕದಲ್ಲಿ ವಸ್ತುಗಳು ಕೆಲವೇ ಆದುದರಿಂದ ಸೀಲ್ ಪ್ರಾಣಿಯ ಕೊಬ್ಬು, ಸ್ಟವ್, ಗುಡಾರ, ಹಿಮದ ಹಾಸು ಇವುಗಳ ಹೆಸರುಗಳು ಪುಟಪುಟಕ್ಕೂ ಮರಳುತ್ತವೆ. ಒಂದೇ ವಿಷಯವನ್ನು ಹಿಡಿದು ಓದಿದರೆ ಪದಗಳ ಪುನರಾವರ್ತನೆ ಹೆಚ್ಚುತ್ತದೆಂಬ ಕ್ರಾಶೆನ್‌ರ ಮಾತಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ. ಇಷ್ಟರವರೆಗೆ ತಕರಾರಿಲ್ಲ.

ತಕರಾರು ಹುಟ್ಟುವುದು ಬೇರೆ ಬಗೆಯ ಪದಗಳಲ್ಲಿ. ಹಿಮಗಡ್ಡೆಗಳ ನಡುವೆ ಬಾಯಿಬಿಟ್ಟುಕೊಳ್ಳುವ ನೀರಿನ ಓಣಿಗೆ ಧ್ರುವಯಾನಿಗಳ ಇಂಗ್ಲಿಷಿನಲ್ಲಿ ‘ಲೀಡ್’ ಎಂದೂ, ಒತ್ತೊತ್ತಾಗಿ ತೇಲುವ ಹಿಮರಾಶಿಗೆ ‘ಪ್ಯಾಕ್’ ಎಂದೂ, ದೋಣಿಯ ಮೂತಿಗೆ ಕಟ್ಟಿದ ಹಗ್ಗಕ್ಕೆ ‘ಪೇಂಟರ್’ ಎಂದೂ ಹೆಸರು. ಪದವ್ಯಾಪ್ತಿಯನ್ನು, ಅಂದರೆ ಪಠ್ಯದಲ್ಲಿ ಓದುಗನಿಗೆ ಗೊತ್ತಿರುವ ಪದಗಳ ಪ್ರಮಾಣವನ್ನು, ಪದರೂಪಗಳ ಪಟ್ಟಿಯಿಂದ ಅಳೆಯುವ ವಿಧಾನ ಈ ಮೂರನ್ನೂ ‘ಗೊತ್ತಿರುವ’ ಸಾಲಿಗೆ ಸೇರಿಸಿಬಿಡುತ್ತದೆ. ಕನ್ನಡಿಗ ಓದುಗನ ಮಟ್ಟಿಗೆ ತೊಡಕು ಇನ್ನೂ ಒಂದು ಸುತ್ತು ಹೆಚ್ಚು: ಚುನಾವಣೆಯ ಮತ ಎಣಿಕೆಯ ದಿನದ ‘ಲೀಡ್’, ಅಂಗಡಿಯವನು ಕಟ್ಟಿಕೊಡುವ ‘ಪ್ಯಾಕ್’, ಗೋಡೆಗೆ ಬಣ್ಣ ಬಳಿಯಲು ಬರುವ ‘ಪೇಂಟರ್’ ಅವನಿಗೆ ಕಲಿತ ಇಂಗ್ಲಿಷಲ್ಲ, ಬಳಕೆಯ ಕನ್ನಡ. ಗೊತ್ತಿರುವಂತೆ ತೋರಿ ದಾರಿತಪ್ಪಿಸುವ ಪದಗಳನ್ನು ಬಾಟಿಯಾ ಲೌಫರ್ ಬಹು ಹಿಂದೆಯೇ ಗುರುತಿಸಿದ್ದರು. ಐಸಬೆಲ್ ಬೆಕ್ ಮತ್ತು ಸಂಗಡಿಗರು 1983ರಲ್ಲಿ ಸಂದರ್ಭಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸುವಾಗ ಓದುಗನನ್ನು ತಪ್ಪು ಅರ್ಥದತ್ತ ಒಯ್ಯುವ ಸಂದರ್ಭಕ್ಕೂ ಒಂದು ಸ್ಥಾನ ಕೊಟ್ಟಿದ್ದರು. ಆದರೆ ಈ ಎರಡು ಒಳನೋಟಗಳನ್ನು ಜೋಡಿಸಿ ಸಾಹಸಕಥನಗಳಿಗೆ ಅನ್ವಯಿಸಿ ನೋಡಬೇಕಾದ ಅಗತ್ಯವಿದೆ.

ಪ್ರಾಸಂಗಿಕ ಕಲಿಕೆಯ ಪರವಾಗಿ ಪದೇಪದೇ ಉದ್ಧೃತವಾಗುವ ಸರಾಗಿ, ನೇಷನ್ ಮತ್ತು ಮೈಸ್ಟರ್ ಅವರ 1978ರ ಪ್ರಯೋಗವನ್ನು ಈ ದೃಷ್ಟಿಯಿಂದ ಮತ್ತೆ ಪರಿಶೀಲಿಸಬೇಕು. ‘ಎ ಕ್ಲಾಕ್‌ವರ್ಕ್ ಆರೆಂಜ್’ ಕಾದಂಬರಿಯಲ್ಲಿ ಆಂಥನಿ ಬರ್ಜೆಸ್ ರಷ್ಯನ್ ಮೂಲದಿಂದ ರೂಪಿಸಿದ ಪದಗಳನ್ನು, ಪರೀಕ್ಷೆಯ ಸುಳಿವಿಲ್ಲದೆ ಓದಿದವರು ಸರಾಸರಿ ಶೇಕಡಾ 76ರಷ್ಟು ಸರಿಯಾಗಿ ಗುರುತಿಸಿದರು. ಆದರೆ ಆ ಓದುಗರು ಇಂಗ್ಲಿಷನ್ನೇ ಮಾತೃಭಾಷೆಯಾಗಿ ಉಳ್ಳವರು. ಆ ಪದಗಳೋ ಅವರಿಗೆ ಕಣ್ಣಿಗೆ ಹೊಡೆಯುವಷ್ಟು ವಿಚಿತ್ರ. ವಿಚಿತ್ರ ಪದ ಓದುಗನನ್ನು ತಾನೇ ತಡೆದು ನಿಲ್ಲಿಸುತ್ತದೆ, ‘ಪೇಂಟರ್’ ಹಾಗೆ ನಿಲ್ಲಿಸುವುದಿಲ್ಲ. ಆದುದರಿಂದ ಆ ಪ್ರಯೋಗದ ತೀರ್ಮಾನವನ್ನು ಹೊಸ ರೂಪದ ಪದಗಳಿಂದ ಹೊಸ ಅರ್ಥದ ಪದಗಳಿಗೆ ವಿಸ್ತರಿಸಲು ಆಧಾರ ಸಾಲದು.

‘ಪೇಂಟರ್’ ಪದವನ್ನೇ ತುಸು ಹತ್ತಿರದಿಂದ ನೋಡಬಹುದು. ‘ಜೇಮ್ಸ್ ಕೇರ್ಡ್’ ಬಿರುಗಾಳಿಗೆ ಮೂತಿಯೊಡ್ಡಿ ನಿಲ್ಲಲು ಆಸರೆಯಾಗಿದ್ದದ್ದು ಈ ಹಗ್ಗದ ತುದಿಗೆ ಕಟ್ಟಿ ನೀರಿಗೆ ಬಿಟ್ಟ ಕ್ಯಾನ್ವಾಸಿನ ಕಡಲಲಂಗರು. ದಾರಿಯ ನಡುವೆ ಹಗ್ಗ ಕಡಿದು ಲಂಗರು ಕೈತಪ್ಪಿತು. ಅದನ್ನು ಹೇಳಲು ಶ್ಯಾಕಲ್‌ಟನ್ ಬಳಸುವ ಕ್ರಿಯಾಪದಕ್ಕೆ ‘ಅಗಲು’ ಎಂಬ ಅರ್ಥವೂ ಇದೆ. ಪೇಂಟರ್ ಅಗಲಿದನೆಂದರೆ ಕನ್ನಡಿಗನ ಕಿವಿಗೆ ಅದು ನೇರವಾಗಿ ಸಾವಿನ ಸುದ್ದಿ. ಈ ತಪ್ಪು ಅರ್ಥಕ್ಕೆ ಪಠ್ಯವೇ ಇಂಬುಗೊಡುತ್ತದೆ. ತಂಡದಲ್ಲಿ ಜಾರ್ಜ್ ಮಾರ್ಸ್ಟನ್ ಎಂಬ ಚಿತ್ರಕಾರ ನಿಜವಾಗಿಯೂ ಇದ್ದ, ದೋಣಿಯ ಹಲಗೆಗಳ ಸಂದು ಮುಚ್ಚಲು ಅವನ ಎಣ್ಣೆಬಣ್ಣಗಳನ್ನೇ ಬಳಸಲಾಗಿತ್ತು. ದೋಣಿಯಲ್ಲಿ ಮ್ಯಾಕ್‌ನಿಶ್ ಎಂಬ ಬಡಗಿಯೂ ಇದ್ದ. ಬಡಗಿಯಿರುವಲ್ಲಿ ಪೇಂಟರ್ ಒಬ್ಬನಿದ್ದರೆ ಓದುಗನಿಗೆ ಅಸಹಜವೆನಿಸದು. ಬೆಕ್ ಹೇಳುವ ದಾರಿತಪ್ಪಿಸುವ ಸಂದರ್ಭಕ್ಕೆ ಇದು ಚೊಕ್ಕ ಉದಾಹರಣೆ.

ಆದರೂ ತಪ್ಪು ಬಹಳ ದೂರ ಸಾಗಲಾರದು. ಹೊರಟವರು ಆರು ಜನ. ಮೇ 10ರಂದು ಕಿಂಗ್ ಹಾಕನ್ ಕೊಲ್ಲಿಯಲ್ಲಿ ಇಳಿದವರೂ ಆರೇ. ಶ್ಯಾಕಲ್‌ಟನ್, ವರ್ಸ್ಲಿ, ಕ್ರೀನ್ ಮೂವರು ದ್ವೀಪದ ಬೆಟ್ಟಗಳನ್ನು ದಾಟಲು ಹೊರಟಾಗ ಹಿಂದೆ ಉಳಿದವರು ಮೂವರು. ಮಾರ್ಸ್ಟನ್ನಾದರೋ ಎಲಿಫೆಂಟ್ ದ್ವೀಪದಲ್ಲಿ ಉಳಿದ 22 ಜನರಲ್ಲೊಬ್ಬ, ಆಗಸ್ಟ್ 30ರಂದು ಚಿಲಿಯ ‘ಯೆಲ್ಚೊ’ ಹಡಗು ಅವರೆಲ್ಲರನ್ನೂ ಕರೆತಂದಿತು. ಮನುಷ್ಯನೊಬ್ಬ ಹೋದನೆಂದು ತಿಳಿದ ಓದುಗನ ಲೆಕ್ಕ ಎಲ್ಲಿಯೂ ತಾಳೆಯಾಗುವುದಿಲ್ಲ. ತಾಳೆಯಾಗದ ಲೆಕ್ಕವೇ ಅವನನ್ನು ಹಿಂದಿನ ಪುಟಕ್ಕೆ ತಿರುಗಿಸಬಲ್ಲುದು. ಇದರ ಮೇಲೆ ಪ್ರಸ್ತುತ ಲೇಖನ ಮಂಡಿಸುವ ವಾದವಿಷ್ಟು: ಬದುಕುಳಿದವರ ಕಥನದಲ್ಲಿ ಪದದ ಅರ್ಥವನ್ನು ತಿದ್ದುವುದು ಬಹುಮಟ್ಟಿಗೆ ಅಕ್ಕಪಕ್ಕದ ವಾಕ್ಯವಲ್ಲ, ಘಟನೆಯ ಪರಿಣಾಮ. ಜನ, ಆಹಾರ, ದೂರ ಇವುಗಳ ಲೆಕ್ಕ ಇಂಥ ಕಥನದಲ್ಲಿ ಬಿಗಿಯಾಗಿರುವುದರಿಂದ ತಪ್ಪು ಊಹೆ ಬಯಲಾಗುವ ಸಾಧ್ಯತೆ ಇತರ ಬಗೆಯ ಓದಿಗಿಂತ ಹೆಚ್ಚು.

ಈ ಮಾತಿಗೆ ಮಿತಿಗಳನ್ನು ಹಾಕಿಕೊಳ್ಳಲೇಬೇಕು. ಮೊದಲನೆಯದಾಗಿ, ಇದು ಪಠ್ಯದ ವಿಶ್ಲೇಷಣೆಯಿಂದ ಹೊರಟ ಊಹೆಯೇ ಹೊರತು ತರಗತಿಯಲ್ಲಿ ಅಳೆದು ಕಂಡ ಫಲವಲ್ಲ. ಓದುಗ ತಲೆ ಎಣಿಸದೆ ಮುಂದೆ ಸಾಗಿದರೆ ತಿದ್ದುಪಡಿ ನಡೆಯುವುದೇ ಇಲ್ಲ. ಮೇಲಾಗಿ ಮೂರು ಪದಗಳಲ್ಲಿ ಈ ಬಲ ಒಂದೇ ಸಮನಾಗಿಲ್ಲ. ‘ಲೀಡ್’ ತೆರೆದೊಡನೆ ದೋಣಿಗಳನ್ನು ಅದರೊಳಕ್ಕೆ ಇಳಿಸುವುದರಿಂದ ನೀರಿನ ಅರ್ಥ ಹೊಳೆಯಬಹುದು. ‘ಪ್ಯಾಕ್’ ಮಾತ್ರ ಗಂಟುಮೂಟೆಯ ಮಸುಕು ಅರ್ಥವನ್ನು ಹೊತ್ತುಕೊಂಡೇ ಪುಸ್ತಕದ ಕೊನೆಯವರೆಗೂ ಸಾಗಿಬಿಡಬಹುದು, ಏಕೆಂದರೆ ಆ ತಪ್ಪಿನಿಂದ ಕಥೆಯಲ್ಲಿ ಏನೂ ಮುರಿಯುವುದಿಲ್ಲ.

ಕಥೆ ನಿಜವಾಗಿರಬೇಕೇ ಎಂಬ ಪ್ರಶ್ನೆ ಇನ್ನೂ ಸೂಕ್ಷ್ಮ. ಪೂರ್ಣಚಂದ್ರ ತೇಜಸ್ವಿಯವರ ‘ಮಹಾಪಲಾಯನ’ದ ಮೂಲಕ ಕನ್ನಡಿಗರಿಗೆ ಪರಿಚಿತವಾದ ಸ್ಲಾವೊಮಿರ್ ರಾವಿಚ್‌ನ ಸೈಬೀರಿಯಾ ಪಲಾಯನದ ಕಥೆಯ ಸತ್ಯಾಸತ್ಯತೆಯನ್ನು, ಅವನು 1942ರಲ್ಲಿ ಕ್ಷಮಾದಾನದಿಂದ ಬಿಡುಗಡೆಯಾದನೆಂದು ಸೂಚಿಸುವ ದಾಖಲೆಗಳು 2006ರಲ್ಲಿ ಬೆಳಕಿಗೆ ಬಂದು ಸಂದೇಹಕ್ಕೀಡುಮಾಡಿದವು. ಅದರಿಂದ ಆ ಪುಸ್ತಕದಲ್ಲಿ ಪದ ಕಲಿತವನಿಗೆ ನಷ್ಟವೇನೂ ಆಗದು. ಲೆಕ್ಕ ತಪ್ಪದ ಕಲ್ಪಿತ ಕಥೆಯೂ ಊಹೆಯನ್ನು ತಿದ್ದಬಲ್ಲುದು. ನೈಜ ಕಥನಕ್ಕಿರುವ ಹೆಚ್ಚುಗಾರಿಕೆ ಪುಸ್ತಕದ ಹೊರಗಿದೆ: ಅದೇ ದೋಣಿಯಾನವನ್ನು ಫ್ರಾಂಕ್ ವರ್ಸ್ಲಿಯೂ ಬರೆದಿದ್ದಾನೆ, ಹಿಮದಲ್ಲಿ ಸಿಕ್ಕ ಹಡಗನ್ನು ಫ್ರಾಂಕ್ ಹರ್ಲಿ ಛಾಯಾಚಿತ್ರಗಳಲ್ಲಿ ಹಿಡಿದಿದ್ದಾನೆ, 2022ರ ಮಾರ್ಚಿನಲ್ಲಿ 3008 ಮೀಟರ್ ಆಳದಲ್ಲಿ ಹಡಗಿನ ಅವಶೇಷವೇ ಪತ್ತೆಯಾಗಿದೆ. ಕಥೆಯೊಳಗೆ ತಿದ್ದುಪಡಿಯಾಗದೆ ಉಳಿದ ‘ಪ್ಯಾಕ್’ ಹರ್ಲಿಯ ಒಂದು ಛಾಯಾಚಿತ್ರದಿಂದ ಸ್ಪಷ್ಟವಾಗಬಹುದು.

ಹೀಗಿರುವಾಗ, ಪದರೂಪಗಳನ್ನಷ್ಟೇ ಎಣಿಸಿ ಈ ಬಗೆಯ ಪುಸ್ತಕಗಳ ಕಾಠಿಣ್ಯವನ್ನು ನಿರ್ಧರಿಸುವ ಪದ್ಧತಿಯನ್ನು ಪುನರ್ವಿಮರ್ಶಿಸಬೇಕಾಗುತ್ತದೆ. ತಪ್ಪು ಊಹೆ ಎಷ್ಟು ಪುಟಗಳವರೆಗೆ ಬದುಕುತ್ತದೆ, ತಿದ್ದಿಕೊಂಡ ಅರ್ಥ ಮೊದಲೇ ಸರಿಯಾಗಿ ಊಹಿಸಿದ ಅರ್ಥಕ್ಕಿಂತ ಗಟ್ಟಿಯಾಗಿ ನಿಲ್ಲುತ್ತದೆಯೇ, ಕನ್ನಡದಲ್ಲಿ ಬಳಕೆಯಾಗುವ ಎರವಲು ಪದಗಳಿಗೂ ಬಳಕೆಯಾಗದವುಗಳಿಗೂ ಇದರಲ್ಲಿ ವ್ಯತ್ಯಾಸವಿದೆಯೇ ಎಂಬ ಪ್ರಶ್ನೆಗಳು ಪಠ್ಯದ ವಿಶ್ಲೇಷಣೆಯಿಂದ ಬಗೆಹರಿಯುವಂಥವಲ್ಲ. ಓದಿನ ನಡುವೆ ತಡೆದು, ದೋಣಿಯಲ್ಲಿ ಈಗ ಎಷ್ಟು ಜನ ಇದ್ದಾರೆಂದು ಓದುಗರನ್ನು ಕೇಳುವಷ್ಟು ಸರಳವಾದ ಪರೀಕ್ಷೆಯೊಂದರಿಂದ ಮೊದಲನೆಯ ಪ್ರಶ್ನೆಗಾದರೂ ಉತ್ತರ ದೊರಕೀತು.